ರೂಕಿ ಟೈಟ್ ಎಂಡ್‌ಗೆ ಡ್ರಾಫ್ಟ್‌ನಲ್ಲಿ ಬೆಲೆ ಕೊಡಬಹುದೇ? ವಾರನ್, ಲವ್‌ಲೆಂಡ್, ಫ್ಯಾನಿನ್ ಬಗ್ಗೆ ಚರ್ಚೆ

ಸನ್ನಿವೇಲ್ ಸಂಪಿಗೆ

ನಮ್ಮ ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿ ಲೀಗ್‌ನ 2025ರ ಡ್ರಾಫ್ಟ್, ಅಂದರೆ ನಿಜವಾದ ಆಟಗಾರರನ್ನು ಸರದಿಯಂತೆ ನಮ್ಮ ಕಾಲ್ಪನಿಕ ತಂಡಗಳಿಗೆ ಆರಿಸಿಕೊಳ್ಳುವುದು, ಆಗಸ್ಟ್ ಕೊನೆಯ ಭಾನುವಾರ. ಹನ್ನೆರಡು ತಂಡಗಳಿವೆ. ಪ್ರತಿ ಕ್ಯಾಚ್‌ಗೆ ಒಂದು ಅಂಕ, ಹತ್ತು ಯಾರ್ಡ್‌ಗೆ ಒಂದು ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದಕ್ಕೆ) ಆರು. ಟೈಟ್ ಎಂಡ್ (ಚೆಂಡನ್ನೂ ಹಿಡಿಯುವ, ಎದುರಾಳಿಯನ್ನೂ ತಡೆಯುವ ಆಟಗಾರ) ಸ್ಥಾನ ಒಂದೇ. ಆ ಸ್ಥಾನದ ದೊಡ್ಡ ಹೆಸರುಗಳಾದ ಬವರ್ಸ್ ಮತ್ತು ಮೆಕ್‌ಬ್ರೈಡ್ ಇಬ್ಬರೂ ನನ್ನ ಸರದಿ ಬರುವ ಮೊದಲೇ ಹೋಗುತ್ತಾರೆ. ಆ ಬೆಲೆ, ಅಂದರೆ ಮೊದಲ ಸುತ್ತುಗಳ ಆಯ್ಕೆ, ಕೊಡುವ ಮನಸ್ಸೂ ನನಗಿಲ್ಲ.

ಹಾಗಾಗಿ ಕಣ್ಣು ಈ ವರ್ಷದ ಹೊಸಬರ (ರೂಕಿಗಳ) ಮೇಲೆ ಬಿದ್ದಿದೆ. ಟೈಲರ್ ವಾರನ್, ಕೋಲ್‌ಸ್ಟನ್ ಲವ್‌ಲೆಂಡ್, ಇನ್ನೂ ಕೆಳಗೆ ಹ್ಯಾರಲ್ಡ್ ಫ್ಯಾನಿನ್. ಲಪೋರ್ಟಾ ಮತ್ತು ಬವರ್ಸ್ ಎರಡು ವರ್ಷ ಬೆನ್ನು ಬೆನ್ನಿಗೆ ಮೊದಲ ವರ್ಷದಲ್ಲೇ ಮೆರೆದದ್ದನ್ನು ನೋಡಿ, ನಮ್ಮ ಲೀಗ್‌ನಲ್ಲಿ ಎಲ್ಲರಿಗೂ ಈಗ ರೂಕಿ ಟೈಟ್ ಎಂಡ್ ಬೇಕು. ಇವರನ್ನು ಅಳೆಯಲು ಒಂದು ಕ್ರಮ ಇದೆಯೇ, ಅಥವಾ ಇದು ಬರೀ ಲಾಟರಿಯೇ?

ಎಡಿಸನ್ ಇಡ್ಲಿ

ಲಾಟರಿಯೇ. ಎರಿಕ್ ಎಬ್ರಾನ್ 2014ರಲ್ಲಿ, ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಹತ್ತನೆಯ ಆಯ್ಕೆ. ಮೊದಲ ವರ್ಷ 25 ಕ್ಯಾಚ್, 248 ಯಾರ್ಡ್, ಒಂದು ಟಚ್‌ಡೌನ್. ಹಾಕನ್‌ಸನ್ 2019ರಲ್ಲಿ ಎಂಟನೆಯ ಆಯ್ಕೆ. 32 ಕ್ಯಾಚ್, 367 ಯಾರ್ಡ್. ಓ.ಜೆ. ಹೊವಾರ್ಡ್ 2017ರಲ್ಲಿ ಹತ್ತೊಂಬತ್ತನೆಯ ಆಯ್ಕೆ; ಹಿಡಿದದ್ದು 26. ವರ್ನನ್ ಡೇವಿಸ್‌ಗಿಂತ ದೈತ್ಯ ಪ್ರತಿಭೆ ಬೇಕೇ? ನಲವತ್ತು ಯಾರ್ಡನ್ನು 4.38 ಸೆಕೆಂಡಿನಲ್ಲಿ ಓಡಿ 2006ರಲ್ಲಿ ಆರನೆಯವನಾಗಿ ಆಯ್ಕೆಯಾದ. ಮೊದಲ ವರ್ಷ 20 ಕ್ಯಾಚ್. ಅವನು 13 ಟಚ್‌ಡೌನ್ ಹೊಡೆದದ್ದು 2009ರಲ್ಲಿ, ಅಷ್ಟರೊಳಗೆ ಅವನನ್ನು ಮೊದಲು ಕೊಂಡವರು ಆಟವನ್ನೇ ಬಿಟ್ಟಿದ್ದರೋ ಏನೋ.

ಎರಡು ವರ್ಷದ ಉದಾಹರಣೆಗಳನ್ನು ಹಿಡಿದುಕೊಂಡು ನಿಯಮ ಬದಲಾಗಿದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅನುಭವಿ ಆಟಗಾರನನ್ನು ತೆಗೆದುಕೊಂಡು ನೆಮ್ಮದಿಯಾಗಿರಿ.

ಡೆಟ್ರಾಯ್ಟ್ ಕನ್ನಡಿಗ

ಇಡ್ಲಿಯವರು ಪ್ರತಿ ಆಗಸ್ಟ್‌ನಲ್ಲಿ ಇದೇ ಪಟ್ಟಿ ಓದುತ್ತಾರೆ. 2023ರಲ್ಲೂ ಓದಿದ್ದರು. ಆ ವರ್ಷ ಲಪೋರ್ಟಾ 86 ಕ್ಯಾಚ್, 889 ಯಾರ್ಡ್, 10 ಟಚ್‌ಡೌನ್ ಮಾಡಿದ. ಕೀತ್ ಜ್ಯಾಕ್ಸನ್ 1988ರಲ್ಲಿ ಮಾಡಿದ್ದ 81 ಕ್ಯಾಚ್‌ಗಳ ರೂಕಿ ಟೈಟ್ ಎಂಡ್ ದಾಖಲೆ ಮುರಿಯಿತು. ಮರುವರ್ಷವೇ ಬವರ್ಸ್ 112 ಕ್ಯಾಚ್ ಹಿಡಿದು, ಟೈಟ್ ಎಂಡ್ ಇರಲಿ, ಯಾವ ಸ್ಥಾನದ ರೂಕಿಯೂ ಹಿಡಿಯದಷ್ಟನ್ನು ಹಿಡಿದ. 1961ರಿಂದ ಅಲುಗಾಡದೆ ನಿಂತಿದ್ದ ಮೈಕ್ ಡಿಟ್ಕಾನ 1,076 ಯಾರ್ಡ್ ದಾಖಲೆಯೂ ಹೋಯಿತು, ಬವರ್ಸ್‌ನದು 1,194.

ಕಾಲೇಜು ಫುಟ್‌ಬಾಲ್ ಬದಲಾಗಿದೆ. ಟೈಟ್ ಎಂಡ್‌ಗಳು ಈಗ ಅಲ್ಲಿಯೇ, ಪಾಸ್ ಹಿಡಿಯುವುದೇ ಕೆಲಸವಾದ ರಿಸೀವರ್‌ಗಳಂತೆ ಬೆಳೆದು ಬರುತ್ತಿದ್ದಾರೆ.

ಲೆಕ್ಕದ ಪುಸ್ತಕ

ಸಣ್ಣ ಮೋಜಿನ ಲೆಕ್ಕ. ಸಂಪಿಗೆಯವರ ನಿಯಮದಲ್ಲಿ ಕೆಲವು ರೂಕಿ ಟೈಟ್ ಎಂಡ್‌ಗಳ ಕ್ಯಾಚ್, ರಿಸೀವಿಂಗ್ ಯಾರ್ಡ್, ಟಚ್‌ಡೌನ್ ಮಾತ್ರ ಕೂಡಿಸಿದರೆ:

ಬವರ್ಸ್ 2024: 261.4
ಲಪೋರ್ಟಾ 2023: 234.9
ಪಿಟ್ಸ್ 2021: 176.6
ಎಂಗ್ರಮ್ 2017: 172.2

ಡಿಟ್ಕಾ 1961ರಲ್ಲಿ 56 ಕ್ಯಾಚ್, 12 ಟಚ್‌ಡೌನ್. ಒಟ್ಟು 235.6. ಅದೂ 14 ಪಂದ್ಯಗಳ ಋತುವಿನಲ್ಲಿ. ಪಂದ್ಯಕ್ಕೆ ಹದಿನಾರೂಮುಕ್ಕಾಲು ಅಂಕ ಬೀಳುತ್ತದೆ, ಬವರ್ಸ್‌ಗಿಂತ ಹೆಚ್ಚು. ಆದ್ದರಿಂದ ರೂಕಿ ಟೈಟ್ ಎಂಡ್ ಮೆರೆಯುವುದು ಹೊಸ ಕಾಲದ ಸಂಗತಿ ಎಂಬ ಡೆಟ್ರಾಯ್ಟ್ ಅವರ ವಾದವನ್ನು ಪೂರ್ತಿಯಾಗಿ ನಂಬಬಾರದು. ಅಪರೂಪಕ್ಕೆ ಆಗಲೂ ಆಗುತ್ತಿತ್ತು, ಈಗಲೂ ಆಗುತ್ತಿದೆ.

ಬಸವನಗುಡಿ ಬೌಲರ್

ಹಿರಿಯರು ಕ್ಷಮಿಸಬೇಕು, ನಾನು ಹೊಸಬ. ಇಲ್ಲಿ ಭಾರತದಲ್ಲಿ ಆನ್‌ಲೈನ್ ಆಟಗಳ ಹೊಸ ಕಾಯ್ದೆ ಬಂದು, ಹಣ ಕಟ್ಟಿ ಆಡುವ ಕ್ರಿಕೆಟ್ ಫ್ಯಾಂಟಸಿ ಆಟಗಳು ನಿಂತುಹೋಗಿವೆ. ಅಮೆರಿಕದಲ್ಲಿರುವ ಅಕ್ಕನ ಮಗ ತನ್ನ ಲೀಗ್‌ನಲ್ಲಿ ಒಂದು ತಂಡ ಖಾಲಿಯಿದೆ, ದುಡ್ಡಿಲ್ಲ, ಬರೀ ಮರ್ಯಾದೆಯ ಪ್ರಶ್ನೆ ಎಂದು ನನ್ನನ್ನು ಸೇರಿಸಿದ್ದಾನೆ. ಚೆಂಡು ಹಿಡಿದುಕೊಂಡು ಓಡುವ ರನ್ನಿಂಗ್ ಬ್ಯಾಕ್, ರಿಸೀವರ್ ಎಂದರೆ ಯಾರೆಂದು ಅರ್ಥವಾಗುತ್ತದೆ. ಟೈಟ್ ಎಂಡ್‌ಗೆ ಮಾತ್ರ ಮೊದಲ ವರ್ಷ ಇಷ್ಟು ಕಷ್ಟ ಏಕೆ? ಒಳ್ಳೆಯ ಹುಡುಗ ಒಳ್ಳೆಯ ಹುಡುಗನೇ ಅಲ್ಲವೇ?

ನಾಲ್ಕನೇ ಡೌನ್

ಬೌಲರ್ ಅವರ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಸಂಪಿಗೆಯವರ ಪ್ರಶ್ನೆಗೂ ಉತ್ತರ ಅದರೊಳಗೇ ಇದೆ.

2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೈಗೆ ಗ್ಲವ್ಸ್ ಕೊಟ್ಟು ವಿಕೆಟ್ ಹಿಂದೆ ನಿಲ್ಲಿಸಿದ್ದನ್ನು ನೆನಪಿಸಿಕೊಳ್ಳಿ. ಬ್ಯಾಟಿಂಗ್ ಗೊತ್ತಿದ್ದರೆ ಸಾಲದು, ಇನ್ನೊಂದು ಪೂರ್ಣ ಉದ್ಯೋಗವನ್ನೂ ಮಾಡಬೇಕು. ಟೈಟ್ ಎಂಡ್‌ನದು ಅದೇ ಪಾಡು. ಒಂದು ಆಟದಲ್ಲಿ ಅವನು ರಿಸೀವರ್‌ನಂತೆ ಓಡಿ ಚೆಂಡು ಹಿಡಿಯಬೇಕು. ಮುಂದಿನ ಆಟದಲ್ಲಿ ತನಗಿಂತ ಹತ್ತಿಪ್ಪತ್ತು ಕಿಲೋ ಭಾರದ ಡಿಫೆನ್ಸಿವ್ ಎಂಡ್ ಅನ್ನು ತಡೆದು ರನ್ನಿಂಗ್ ಬ್ಯಾಕ್‌ಗೆ ದಾರಿ ಬಿಡಿಸಬೇಕು. ಅದರ ಮುಂದಿನ ಆಟದಲ್ಲಿ ನಿಂತಲ್ಲೇ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಬೇಕು. ಮೂರನೆಯದರಲ್ಲಿ ತಪ್ಪಿದರೆ ತಂಡದ ನಾಯಕನ ಮೊಣಕಾಲೇ ಹೋಗಬಹುದು. ಆದ್ದರಿಂದ ತರಬೇತುದಾರರು ನಂಬಿಕೆ ಬರುವವರೆಗೆ ಹೊಸಬನನ್ನು ಪೂರ್ತಿಯಾಗಿ ಬಿಡುವುದಿಲ್ಲ. ನಂಬಿಕೆ ಬರುವುದರೊಳಗೆ ನವೆಂಬರ್ ಬಂದಿರುತ್ತದೆ.

ಹೀಗಿರುವಾಗ ಫ್ಯಾಂಟಸಿ ಆಡುವವರು ಕೇಳಬೇಕಾದ ಪ್ರಶ್ನೆ ಹುಡುಗ ಎಷ್ಟು ಚೆನ್ನಾಗಿದ್ದಾನೆ ಎಂಬುದಲ್ಲ. ತಂಡ ಪಾಸ್ ಎಸೆಯುವ ನೂರು ಆಟಗಳಲ್ಲಿ ಎಷ್ಟರಲ್ಲಿ ಅವನು ರೂಟ್ ಓಡುತ್ತಾನೆ, ಅಂದರೆ ಪಾಸ್ ಹಿಡಿಯಲೆಂದು ಓಡುತ್ತಾನೆ? ಇದೊಂದನ್ನು ಸರಿಯಾಗಿ ಊಹಿಸಿದರೆ ಉಳಿದದ್ದು ತಾನಾಗಿ ಬರುತ್ತದೆ. ಎಪ್ಪತ್ತೈದು, ಎಂಬತ್ತು ಎಂದಾದರೆ ಸಾಧಾರಣ ಪ್ರತಿಭೆಯವನೂ ವಾರಕ್ಕೆ ಹತ್ತು ಅಂಕ ತರುತ್ತಾನೆ. ನಲವತ್ತು ಎಂದಾದರೆ ಮಹಾ ಪ್ರತಿಭೆಯೂ ನಿಮ್ಮ ಬೆಂಚ್ ಮೇಲೆ ಕೊಳೆಯುತ್ತದೆ. ಸ್ನ್ಯಾಪ್ ಎಣಿಕೆಯನ್ನು (ಅವನು ಮೈದಾನದಲ್ಲಿದ್ದ ಆಟಗಳ ಲೆಕ್ಕವನ್ನು) ನೋಡಿ ಮೋಸಹೋಗಬೇಡಿ. ತೊಂಬತ್ತು ಶೇಕಡಾ ಸ್ನ್ಯಾಪ್ ಆಡಿ ಅದರಲ್ಲಿ ಅರ್ಧ ಬ್ಲಾಕಿಂಗ್‌ನಲ್ಲೇ ಕಳೆಯುವ ಟೈಟ್ ಎಂಡ್‌ಗಳಿದ್ದಾರೆ.

ಈಗ ಯಶಸ್ಸು ಕಂಡವರನ್ನು ಈ ಕಣ್ಣಿನಿಂದ ನೋಡಿ. 2022ರ ನವೆಂಬರ್‌ನಲ್ಲಿ ಡೆಟ್ರಾಯ್ಟ್ ತಂಡ ಹಾಕನ್‌ಸನ್‌ನನ್ನು ಮಿನೆಸೋಟಾಗೆ ಮಾರಿತು. ಮುಂದಿನ ಏಪ್ರಿಲ್‌ನಲ್ಲಿ ಲಪೋರ್ಟಾ ಬಂದಾಗ ಅವನ ಮುಂದೆ ಯಾರೂ ಇರಲಿಲ್ಲ. ಅಮಾನ್ ರಾ ಸೇಂಟ್ ಬ್ರೌನ್ ಬಿಟ್ಟರೆ ಎರಡನೆಯ ರಿಸೀವರ್ ಯಾರೆಂಬುದೂ ಸ್ಪಷ್ಟವಿರಲಿಲ್ಲ. ಜೇಮ್ಸನ್ ವಿಲಿಯಮ್ಸ್ ಬೆಟ್ಟಿಂಗ್ ನಿಯಮ ಮುರಿದು ಆರಂಭದಲ್ಲೇ ನಾಲ್ಕು ಪಂದ್ಯ ಹೊರಗಿದ್ದ. 120 ಟಾರ್ಗೆಟ್‌ಗಳು (ಅವನತ್ತ ಎಸೆದ ಪಾಸ್‌ಗಳು) ಲಪೋರ್ಟಾ ಪಾಲಿಗೆ ಬಂದವು. ಎಂಗ್ರಮ್ 2017ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ಗೆ ಬಂದ. ಅಕ್ಟೋಬರ್‌ನಲ್ಲಿ ಓಡೆಲ್ ಬೆಕ್‌ಹ್ಯಾಮ್ ಕಾಲು ಮುರಿದುಕೊಂಡ, ಎಸೆದದ್ದನ್ನು ಹಿಡಿಯಲು ಬೇರೆ ದೊಡ್ಡ ಹೆಸರು ಉಳಿಯಲಿಲ್ಲ. 115 ಟಾರ್ಗೆಟ್. ಬವರ್ಸ್‌ನ ವರ್ಷ ಲಾಸ್ ವೇಗಸ್ ತಂಡ ದವಾಂಟೆ ಆಡಮ್ಸ್‌ನನ್ನು ಅಕ್ಟೋಬರ್‌ನಲ್ಲಿ ಜೆಟ್ಸ್‌ಗೆ ಕಳಿಸಿಕೊಟ್ಟಿತು. ಟಾರ್ಗೆಟ್ 153. ಮೂವರೂ ಪ್ರತಿಭಾವಂತರು, ನಿಜ. ಆದರೆ ಮೂವರ ಮುಂದೆಯೂ ಕುರ್ಚಿ ಖಾಲಿಯಿತ್ತು ಅಥವಾ ಖಾಲಿಯಾಯಿತು.

ಮತ್ತೊಂದು ಕಡೆ ಟ್ರೇ ಮೆಕ್‌ಬ್ರೈಡ್. 2022ರಲ್ಲಿ ಆ ವರ್ಷದ ಅತ್ಯುತ್ತಮ ಟೈಟ್ ಎಂಡ್ ಎನಿಸಿಕೊಂಡು ಬಂದ. ಮುಂದೆ ಝ್ಯಾಕ್ ಎರ್ಟ್ಸ್ ಕುಳಿತಿದ್ದ. ಮೊದಲ ವರ್ಷ 29 ಕ್ಯಾಚ್. ಎರ್ಟ್ಸ್ 2023ರ ಮಧ್ಯದಲ್ಲಿ ಗಾಯದ ಪಟ್ಟಿಗೆ ಸೇರಿದ ಮೇಲೆ ಅದೇ ಹುಡುಗ ಅದೇ ವರ್ಷ 81, ಮುಂದಿನ ವರ್ಷ 111. ಹುಡುಗ ಬದಲಾಗಿರಲಿಲ್ಲ.

ಡ್ರಾಫ್ಟ್‌ನಲ್ಲಿ ಎಷ್ಟನೆಯವನಾಗಿ ಆಯ್ಕೆಯಾದ ಎಂಬುದು ಮುಖ್ಯವಾಗುವುದೂ ಇದೇ ಕಾರಣಕ್ಕೆ. ಮೊದಲ ಸುತ್ತಿನ ಆಯ್ಕೆಯ ಮೇಲೆ ತಂಡ ಹಣ ಮತ್ತು ಹೆಸರು ಎರಡನ್ನೂ ಹೂಡಿರುತ್ತದೆ, ಮೈದಾನಕ್ಕೆ ಇಳಿಸಲೇಬೇಕಾಗುತ್ತದೆ. ಅದು ಪ್ರತಿಭೆಯ ಅಳತೆಗಿಂತ ಹೆಚ್ಚಾಗಿ ಅವಕಾಶದ ಅಳತೆ.

ಎಡಿಸನ್ ಇಡ್ಲಿ

ಹಾಗಾದರೆ ಕಿಟಲ್ ಐದನೆಯ ಸುತ್ತು, ಕೆಲ್ಸಿ ಮೂರನೆಯ ಸುತ್ತು, ಮಾರ್ಕ್ ಆಂಡ್ರೂಸ್ ಮೂರನೆಯ ಸುತ್ತು. ಈ ಪೀಳಿಗೆಯ ಮೂರು ದೊಡ್ಡ ಹೆಸರುಗಳು. ಅವರೆಲ್ಲ ಎಲ್ಲಿಗೆ ಹೋದರು ನಿಮ್ಮ ವಾದದಲ್ಲಿ? ಆಂಡ್ರೂಸ್ ಇದ್ದ ತಂಡವೇ ಅದೇ ಡ್ರಾಫ್ಟ್‌ನಲ್ಲಿ 25ನೆಯ ಆಯ್ಕೆಯಾಗಿ ಹೇಡನ್ ಹರ್ಸ್ಟ್‌ನನ್ನು ತೆಗೆದುಕೊಂಡಿತ್ತು. ಯಾರು ಉಳಿದರು?

ನಾಲ್ಕನೇ ಡೌನ್

ಅವರ ಮೊದಲ ವರ್ಷ ನೋಡಿ. ಕೆಲ್ಸಿ 2013ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಒಂದೇ ಪಂದ್ಯ ಆಡಿದ. ಕಿಟಲ್ 43 ಕ್ಯಾಚ್, 515 ಯಾರ್ಡ್, ಮರುವರ್ಷ 1,377. ಆಂಡ್ರೂಸ್ 34 ಕ್ಯಾಚ್. ಆಟಗಾರನ ಇಡೀ ವೃತ್ತಿಜೀವನ ಒಂದು ಪ್ರಶ್ನೆ, ಈ ಸೆಪ್ಟೆಂಬರ್‌ನಿಂದ ಡಿಸೆಂಬರ್ ಇನ್ನೊಂದು ಪ್ರಶ್ನೆ. ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಡೈನಸ್ಟಿ ಲೀಗ್‌ನಲ್ಲಿ ಆಡುವವರಿಗೆ ನೀವು ಹೇಳಿದ್ದು ಚಿನ್ನದಂಥ ಮಾತು. ಸಂಪಿಗೆಯವರದು ವರ್ಷಕ್ಕೆ ಮುಗಿಯುವ ಲೀಗ್.

ಸನ್ನಿವೇಲ್ ಸಂಪಿಗೆ

ಹೌದು, ಪ್ರತಿ ವರ್ಷ ಹೊಸದಾಗಿ ಡ್ರಾಫ್ಟ್. ಡೈನಸ್ಟಿ ಅಲ್ಲ.

ಹಾಗಾದರೆ ಓಟದ ವೇಗ, ಜಿಗಿತ ಇವೆಲ್ಲ ನೋಡುವುದೇ ಬೇಡವೇ? ನಮ್ಮ ಲೀಗ್‌ನಲ್ಲಿ ಒಬ್ಬರು ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುನ್ನ ನಡೆಯುವ ಕಂಬೈನ್ ಪರೀಕ್ಷೆಯ ಅಂಕಿಗಳನ್ನು ಬಣ್ಣ ಹಚ್ಚಿ ಇಟ್ಟುಕೊಂಡಿರುತ್ತಾರೆ.

ಲೆಕ್ಕದ ಪುಸ್ತಕ

ಆಲ್ಬರ್ಟ್ ಓಕ್ವೆಗ್ಬುನಮ್ 2020ರಲ್ಲಿ ನಲವತ್ತು ಯಾರ್ಡನ್ನು 4.49 ಸೆಕೆಂಡಿನಲ್ಲಿ ಓಡಿದ. ಅವನನ್ನು ಬಣ್ಣ ಹಚ್ಚಿ ಇಟ್ಟುಕೊಂಡವರನ್ನು ಏನಾಯಿತೆಂದು ಕೇಳಿ. ಲಪೋರ್ಟಾ 4.59. ಬವರ್ಸ್ ಕಂಬೈನ್‌ನಲ್ಲಿ ಓಡಲೇ ಇಲ್ಲ.

ವೇಗದ ಬದಲು ಕಾಲೇಜಿನಲ್ಲಿ ತನ್ನ ತಂಡದ ಪಾಸಿಂಗ್‌ನಲ್ಲಿ ಅವನ ಪಾಲು ಎಷ್ಟು ಎಂದು ನಾನು ನೋಡುತ್ತೇನೆ. ಲಪೋರ್ಟಾ ಅಯೋವಾದಲ್ಲಿ ಕೊನೆಯ ವರ್ಷ 58 ಕ್ಯಾಚ್, 657 ಯಾರ್ಡ್, ಬರೇ ಒಂದು ಟಚ್‌ಡೌನ್. ಹೊರನೋಟಕ್ಕೆ ಏನೂ ಅಲ್ಲ. ಆದರೆ 2022ರ ಅಯೋವಾದ ಆಕ್ರಮಣ ಎಷ್ಟು ದರಿದ್ರವಾಗಿತ್ತೆಂದು ಆ ರಾಜ್ಯದವರೇ ನಗುತ್ತಿದ್ದರು. ಆ ಬರಗಾಲದಲ್ಲಿ ಸಿಕ್ಕಿದ್ದೆಲ್ಲ ಅವನ ಕೈಗೇ ಬಂದಿತ್ತು. ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದೂ ತಡೆಯಲಾಗದವನು ಮೇಲಿನ ಮಟ್ಟದಲ್ಲೂ ಜಾಗ ಹುಡುಕಿಕೊಳ್ಳುತ್ತಾನೆ.

ಈ ದೃಷ್ಟಿಯಲ್ಲಿ ಈ ವರ್ಷದ ಮೂವರೂ ಗಟ್ಟಿ. ವಾರನ್ ಪೆನ್ ಸ್ಟೇಟ್‌ನಲ್ಲಿ 104 ಕ್ಯಾಚ್, 1,233 ಯಾರ್ಡ್. ಲವ್‌ಲೆಂಡ್ ಮಿಚಿಗನ್‌ನಲ್ಲಿ 56 ಕ್ಯಾಚ್, 582 ಯಾರ್ಡ್. ಸಣ್ಣದೆಂದು ಕಾಣುತ್ತದೆ, ಆದರೆ ಆ ತಂಡ ವರ್ಷವಿಡೀ ಪಾಸ್ ಎಸೆಯಲು ಒದ್ದಾಡಿತು ಮತ್ತು ಅವನು ಆಡಿದ್ದು ಹತ್ತೇ ಪಂದ್ಯ. ಫ್ಯಾನಿನ್ ಬೌಲಿಂಗ್ ಗ್ರೀನ್‌ನಲ್ಲಿ 117 ಕ್ಯಾಚ್, 1,555 ಯಾರ್ಡ್.

ಡೆಟ್ರಾಯ್ಟ್ ಕನ್ನಡಿಗ

ಫ್ಯಾನಿನ್‌ನ ಸಂಖ್ಯೆಗಳನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಬೌಲಿಂಗ್ ಗ್ರೀನ್ ಆಡುವ ಕಾನ್ಫರೆನ್ಸ್‌ನಲ್ಲಿ ಅವನನ್ನು ಕಾಯುತ್ತಿದ್ದವರು ಯಾರು? ಅಲ್ಲಿ ದೈತ್ಯನಾಗುವುದು ಸುಲಭ.

ಲೆಕ್ಕದ ಪುಸ್ತಕ

ಈ ಆಕ್ಷೇಪಣೆ ಬರುತ್ತದೆಂದು ಗೊತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬೌಲಿಂಗ್ ಗ್ರೀನ್ ತಂಡ ಪೆನ್ ಸ್ಟೇಟ್ ಅಂಗಳಕ್ಕೆ ಹೋಗಿ 27–34ರಿಂದ ಸೋತಿತು. ಆ ದಿನ ಫ್ಯಾನಿನ್ 11 ಕ್ಯಾಚ್, 137 ಯಾರ್ಡ್, ಒಂದು ಟಚ್‌ಡೌನ್. ಅದೇ ಪಂದ್ಯದಲ್ಲಿ ಎದುರು ತಂಡದಲ್ಲಿದ್ದ ವಾರನ್ 8 ಕ್ಯಾಚ್, 146 ಯಾರ್ಡ್. ಈಗ ನಾವು ಜಗಳವಾಡುತ್ತಿರುವ ಇಬ್ಬರೂ ಒಂದೇ ಹುಲ್ಲಿನ ಮೇಲೆ ಎದುರುಬದುರಾಗಿದ್ದರು. ಮುಂದೆ ಟೆಕ್ಸಸ್ ಎ ಅಂಡ್ ಎಂ ವಿರುದ್ಧವೂ ಅವನು 145 ಯಾರ್ಡ್ ಮಾಡಿದ. ದೊಡ್ಡ ತಂಡಗಳ ಎದುರು ಕುಗ್ಗಿದ ಹುಡುಗನಲ್ಲ.

ಡೆಟ್ರಾಯ್ಟ್ ಕನ್ನಡಿಗ

ಪೆನ್ ಸ್ಟೇಟ್ ಪಂದ್ಯ ನೆನಪಿರಲಿಲ್ಲ. ಸರಿ, ಪ್ರತಿಭೆಯ ಮಾತು ಬಿಡುತ್ತೇನೆ. ಆದರೂ ಅವನನ್ನು ಆರಿಸಿಕೊಂಡ ಕ್ಲೀವ್‌ಲೆಂಡ್‌ನಲ್ಲಿ ಅವನ ಮುಂದೆ ಅನುಭವಿ ಟೈಟ್ ಎಂಡ್ ಡೇವಿಡ್ ಜೋಕು ಇದ್ದಾನೆ. ನಾಲ್ಕನೇ ಡೌನ್ ಹೇಳಿದ ಕುರ್ಚಿ ಅಲ್ಲಿ ಖಾಲಿಯಿಲ್ಲ.

ಮೈಸೂರು ಮಿಡ್‌ಫೀಲ್ಡ್

ನಡುವೆ ಬಾಯಿ ಹಾಕುತ್ತೇನೆ. ಇದು ಫುಟ್‌ಬಾಲ್ ಎಂದು ತಿಳಿದು ಬಂದೆ, ಕೈಯಲ್ಲಿ ಹಿಡಿಯುವ ಆಟದ ಬಗ್ಗೆ ಇಷ್ಟು ಜನ ಕನ್ನಡದಲ್ಲಿ ಜಗಳವಾಡುತ್ತಾರೆಂದು ಗೊತ್ತಿರಲಿಲ್ಲ. ಓದುತ್ತಿದ್ದೇನೆ, ಮುಂದುವರಿಸಿ.

ನಾಲ್ಕನೇ ಡೌನ್

ಸ್ವಾಗತ. ಗೋಲ್ ಕೀಪರ್ ಬಗ್ಗೆ ಚರ್ಚೆ ಬೇರೆ ಕಡೆ ನಡೆಯುತ್ತಿದೆ.

ಸರಿ, ಈಗ ಒಬ್ಬೊಬ್ಬರನ್ನಾಗಿ ನೋಡೋಣ.

ವಾರನ್, ಹದಿನಾಲ್ಕನೆಯ ಆಯ್ಕೆ, ಇಂಡಿಯಾನಾಪೊಲಿಸ್. ದಾರಿ ಪೂರ್ತಿ ತೆರೆದಿದೆ. ಕಳೆದ ವರ್ಷ ಆ ತಂಡದ ಟೈಟ್ ಎಂಡ್‌ಗಳು ಇಡೀ ಲೀಗ್‌ನಲ್ಲೇ ಅತ್ಯಂತ ಬಡವಾದ ಗುಂಪುಗಳಲ್ಲಿ ಒಂದು. ಗ್ರ್ಯಾನ್‌ಸನ್ ಬಿಟ್ಟುಹೋಗಿದ್ದಾನೆ, ಅಲಿ ಕಾಕ್ಸ್ ಮುಖ್ಯವಾಗಿ ಬ್ಲಾಕಿಂಗ್‌ನವನು. ವಾರನ್ ಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಕಾಲೇಜಿನಲ್ಲಿ ಅವನನ್ನು ಎಲ್ಲೆಲ್ಲಿಯೋ ನಿಲ್ಲಿಸಿದರು. ಯುಎಸ್‌ಸಿ ವಿರುದ್ಧದ ಪಂದ್ಯದಲ್ಲಿ ಸೆಂಟರ್ ಜಾಗದಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಓಡಿಹೋಗಿ ತಾನೇ ಟಚ್‌ಡೌನ್ ಹಿಡಿದ. ಆ ದಿನ ಒಟ್ಟು 17 ಕ್ಯಾಚ್, 224 ಯಾರ್ಡ್. ಬ್ಲಾಕಿಂಗ್ ಬರುತ್ತದೆ, ಆದ್ದರಿಂದ ಮೈದಾನದಿಂದ ಹೊರಗೆ ತೆಗೆಯುವ ನೆಪ ತಂಡಕ್ಕೆ ಸಿಗುವುದಿಲ್ಲ.

ಲವ್‌ಲೆಂಡ್, ಹತ್ತನೆಯ ಆಯ್ಕೆ, ಶಿಕಾಗೊ. ನನಗೆ ಮೂವರಲ್ಲಿ ರೂಟ್ ಓಡುವ ಕೌಶಲದಲ್ಲಿ ಇವನೇ ಮೇಲು. ವಯಸ್ಸೂ ಕಡಿಮೆ, 21, ವಾರನ್‌ಗೆ 23. ಆದರೆ ಕೋಲ್ ಕ್ಮೆಟ್ ಅಲ್ಲೇ ಇದ್ದಾನೆ. 2023ರಲ್ಲಿ 73 ಕ್ಯಾಚ್ ಹಿಡಿದವನು, ಬ್ಲಾಕಿಂಗ್‌ನಲ್ಲೂ ಒಳ್ಳೆಯವನು. ಜೊತೆಗೆ ರಿಸೀವರ್‌ಗಳಾದ ಡಿ.ಜೆ. ಮೂರ್, ರೋಮ್ ಒಡುಂಜೆ, ಎರಡನೆಯ ಸುತ್ತಿನಲ್ಲಿ ಬಂದ ಲೂಥರ್ ಬರ್ಡನ್. ಪಾಸ್‌ನಲ್ಲಿ ಪಾಲು ಕೇಳುವ ಬಾಯಿಗಳು ಹೆಚ್ಚು. ಜನವರಿಯಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ವಸಂತದ ತರಬೇತಿಯೂ ತಪ್ಪಿಹೋಯಿತು. ರೂಕಿಗೆ ಆ ವಾರಗಳು ಬಹಳ ಬೆಲೆಯುಳ್ಳವು.

ಫ್ಯಾನಿನ್, ಮೂರನೆಯ ಸುತ್ತು, 67ನೆಯ ಆಯ್ಕೆ. ಕೆಳಗೆ ಬರುತ್ತೇನೆ.

ಡೆಟ್ರಾಯ್ಟ್ ಕನ್ನಡಿಗ

ಲವ್‌ಲೆಂಡ್ ವಿಷಯದಲ್ಲಿ ದೊಡ್ಡ ಅಂಶವನ್ನೇ ಬಿಟ್ಟಿರಿ. ಶಿಕಾಗೊದ ಹೊಸ ಮುಖ್ಯ ತರಬೇತುದಾರ ಬೆನ್ ಜಾನ್ಸನ್. ಲಪೋರ್ಟಾನ ಆ ವರ್ಷವನ್ನು ಕಟ್ಟಿದವರು ಅವರೇ. ಅದಕ್ಕೂ ಮೊದಲು ನಮ್ಮ ತಂಡದಲ್ಲಿ ಟೈಟ್ ಎಂಡ್‌ಗಳ ತರಬೇತುದಾರರಾಗಿದ್ದರು. ಅಂಥವರು ತಮ್ಮ ಮೊಟ್ಟಮೊದಲ ಆಯ್ಕೆಯನ್ನೇ ಟೈಟ್ ಎಂಡ್‌ಗೆ ಖರ್ಚು ಮಾಡಿದ್ದಾರೆ. ಕ್ಮೆಟ್ ಇದ್ದರೇನು? ಇಬ್ಬರು ಟೈಟ್ ಎಂಡ್‌ಗಳನ್ನು ಒಟ್ಟಿಗೇ ಇಳಿಸುತ್ತಾರೆ.

ನಾಲ್ಕನೇ ಡೌನ್

ಇಳಿಸುತ್ತಾರೆ, ಒಪ್ಪಿದೆ. ಆದರೆ ಇಬ್ಬರು ಟೈಟ್ ಎಂಡ್‌ಗಳನ್ನು ಇಳಿಸುವ ಆಟಗಳಲ್ಲಿ ತಂಡ ಹೆಚ್ಚಾಗಿ ಚೆಂಡನ್ನು ಓಡಿಸುತ್ತದೆ. ಮೂರನೆಯ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಎಂಟು ಯಾರ್ಡ್ ಬೇಕು, ಎಲ್ಲರಿಗೂ ಪಾಸ್ ಎಂದು ಗೊತ್ತಿದೆ. ಆಗ ಮೈದಾನದಲ್ಲಿ ಒಬ್ಬನೇ ಟೈಟ್ ಎಂಡ್ ಇರುತ್ತಾನೆ. ಅವನು ಯಾರು? ಸೆಪ್ಟೆಂಬರ್‌ನಲ್ಲಿ ಆ ಕರೆ ಲವ್‌ಲೆಂಡ್‌ಗೆ ಬರುತ್ತದೆಂದು ಖಾತ್ರಿಯಾದರೆ ನಾನೂ ನಿಮ್ಮ ಪಕ್ಷ. ನವೆಂಬರ್‌ನಲ್ಲಿ ಬರಬಹುದು ಎಂಬುದು ನನ್ನ ಅಂದಾಜು. ಬಫಲೋದ ಕಿನ್‌ಕೇಡ್‌ನನ್ನು ನೆನಪಿಸಿಕೊಳ್ಳಿ. 2023ರಲ್ಲಿ 25ನೆಯ ಆಯ್ಕೆ. ಡಾಸನ್ ನಾಕ್ಸ್ ಮುಂದಿದ್ದಾಗ ಅಲ್ಲಿ ಇಲ್ಲಿ ಒಂದೆರಡು ಕ್ಯಾಚ್; ನಾಕ್ಸ್ ಮಣಿಕಟ್ಟಿನ ಗಾಯದಿಂದ ಹೊರಬಿದ್ದ ವಾರಗಳಲ್ಲಿ ಎದ್ದುನಿಂತ. ವರ್ಷಾಂತ್ಯಕ್ಕೆ 73 ಕ್ಯಾಚ್.

ಎಡಿಸನ್ ಇಡ್ಲಿ

ಮತ್ತು ಆ 73ನ್ನು ನಂಬಿ ಮರುವರ್ಷ ಬೆಲೆ ಏರಿಸಿದವರಿಗೆ ಸಿಕ್ಕಿದ್ದು 44. ಪಿಟ್ಸ್‌ನ ಕಥೆಯೂ ಅದೇ. ನಾಲ್ಕನೆಯ ಆಯ್ಕೆ, ಯಾವ ಟೈಟ್ ಎಂಡ್ ಕೂಡ ಅದಕ್ಕಿಂತ ಮೇಲೆ ಹೋಗಿಲ್ಲ. ಮೊದಲ ವರ್ಷ 1,026 ಯಾರ್ಡ್, ಇಡೀ ವರ್ಷಕ್ಕೆ ಒಂದೇ ಟಚ್‌ಡೌನ್, ಅದನ್ನೂ ಲಂಡನ್‌ನಲ್ಲಿ ಹೊಡೆದ. ಟಚ್‌ಡೌನ್ ತಾನಾಗಿ ಹೆಚ್ಚುತ್ತದೆಂದು ಎಲ್ಲರೂ ಹೇಳಿದರು. 2022ರಲ್ಲಿ 356 ಯಾರ್ಡ್.

ಈಗ ವಾರನ್‌ಗೆ ಬರೋಣ. ಚೆಂಡು ಎಸೆಯುವವನು ಯಾರು? ಡೇನಿಯಲ್ ಜೋನ್ಸ್. ಅದೇ ತಂಡದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ರಿಚರ್ಡ್‌ಸನ್ ಆಗಿದ್ದರೆ ಇನ್ನೂ ಕಷ್ಟ, ಕಳೆದ ವರ್ಷ ಅವನ ಎಸೆತಗಳಲ್ಲಿ ಅರ್ಧವೂ ಗುರಿ ಮುಟ್ಟಲಿಲ್ಲ.

ಲೆಕ್ಕದ ಪುಸ್ತಕ

ಬವರ್ಸ್‌ಗೆ ಎಸೆದವರು ಮಿನ್‌ಶೂ, ಓಕಾನೆಲ್, ರಿಡ್ಡರ್. ಮೂವರ ಹೆಸರನ್ನೂ ಒಟ್ಟಿಗೆ ಓದಿ. ಆಕ್ರಮಣದ ಸಂಯೋಜಕನನ್ನು ಋತುವಿನ ಮಧ್ಯದಲ್ಲೇ ಕೆಲಸದಿಂದ ತೆಗೆದರು. ಆದರೂ 112.

ಕೆಟ್ಟ ಕ್ವಾರ್ಟರ್‌ಬ್ಯಾಕ್ ದೂರದ ರಿಸೀವರ್‌ಗಳನ್ನು ಕೊಲ್ಲುತ್ತಾನೆ. ಹತ್ತಿರದಲ್ಲಿ, ನಡುವಿನಲ್ಲಿ ನಿಲ್ಲುವ ಟೈಟ್ ಎಂಡ್‌ಗೆ ಅದು ಅಷ್ಟು ತಟ್ಟುವುದಿಲ್ಲ. ಟಚ್‌ಡೌನ್ ಕಡಿಮೆಯಾಗಬಹುದು, ಕ್ಯಾಚ್ ಕಡಿಮೆಯಾಗುವುದಿಲ್ಲ. ಕ್ಯಾಚ್‌ಗೆ ಅಂಕ ಕೊಡುವ ಲೀಗ್‌ನಲ್ಲಿ ಜೋನ್ಸ್ ನನಗೆ ಸಮಸ್ಯೆಯಲ್ಲ. ರಿಚರ್ಡ್‌ಸನ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಓಡುವ ಕ್ವಾರ್ಟರ್‌ಬ್ಯಾಕ್ ಕೆಳಗೆ ಕೊಡಬೇಕಾದ ಸುಲಭದ ಪಾಸ್ ಕೊಡದೆ ತಾನೇ ಓಡುತ್ತಾನೆ.

ಬಸವನಗುಡಿ ಬೌಲರ್

ಮೊದಲ ವಾರ ನೋಡಿ ನಿರ್ಧರಿಸಿದರೆ ಆಗದೇ? ಯಾರು ಚೆನ್ನಾಗಿ ಆಡುತ್ತಾರೋ ಅವರನ್ನು ಆಮೇಲೆ ತೆಗೆದುಕೊಳ್ಳಬಹುದಲ್ಲ?

ಎಡಿಸನ್ ಇಡ್ಲಿ

ಹಾಕನ್‌ಸನ್ ತನ್ನ ಮೊದಲ ಪಂದ್ಯದಲ್ಲೇ ಅರಿಜೋನಾ ವಿರುದ್ಧ 131 ಯಾರ್ಡ್, ಒಂದು ಟಚ್‌ಡೌನ್ ಮಾಡಿದ. ಇಡೀ ಅಮೆರಿಕ ವೇವರ್ ಪಟ್ಟಿಗೆ (ಲೀಗ್‌ನಲ್ಲಿ ಯಾರೂ ತೆಗೆದುಕೊಳ್ಳದೆ ಉಳಿದ ಆಟಗಾರರ ಪಟ್ಟಿಗೆ) ಮುಗಿಬಿತ್ತು. ಆಮೇಲೆ ಆಡಿದ 11 ಪಂದ್ಯಗಳೂ ಸೇರಿ 236 ಯಾರ್ಡ್.

ನಾಲ್ಕನೇ ಡೌನ್

ಇಡ್ಲಿಯವರ ಈ ಉದಾಹರಣೆ ಅಪ್ಪಟ. ಬೌಲರ್ ಅವರೇ, ಮೊದಲ ವಾರ ಯಾರ್ಡ್ ನೋಡಬೇಡಿ, ರೂಟ್ ನೋಡಿ. ಎರಡು ಕ್ಯಾಚ್, 14 ಯಾರ್ಡ್ ಮಾಡಿದವನು ತಂಡದ ಪಾಸ್ ಆಟಗಳಲ್ಲಿ ಎಂಬತ್ತು ಶೇಕಡಾ ರೂಟ್ ಓಡಿದ್ದರೆ ಅವನನ್ನು ಹಿಡಿದಿಟ್ಟುಕೊಳ್ಳಿ. ಎರಡು ಉದ್ದ ಕ್ಯಾಚ್‌ನಿಂದ ಎಂಬತ್ತು ಯಾರ್ಡ್ ಮಾಡಿ ಮೂವತ್ತೈದು ಶೇಕಡಾ ಓಡಿದ್ದರೆ ಬೇರೆಯವರು ಕೊಳ್ಳಲಿ.

ಇದರದ್ದೇ ಇನ್ನೊಂದು ಬಲೆ ಇದೆ. ಟೆನೆಸಿಯ ಚಿಗ್ ಒಕೊಂಕ್ವೊ 2022ರಲ್ಲಿ 32 ಕ್ಯಾಚ್‌ಗೆ 450 ಯಾರ್ಡ್ ಮಾಡಿದ. ಓಡಿದ ರೂಟ್‌ಗಳು ಕಡಿಮೆ, ಹಾಗಾಗಿ ಪ್ರತಿ ರೂಟ್‌ಗೆ ಯಾರ್ಡ್ ಎಂಬ ಅಂಕಿ ಆಕಾಶಕ್ಕೇರಿತ್ತು. ರೂಟ್ ಹೆಚ್ಚಿದರೆ ಯಾರ್ಡ್ ಅದೇ ದರದಲ್ಲಿ ಹೆಚ್ಚುತ್ತದೆಂದು ಲೆಕ್ಕ ಹಾಕಿದವರು ಬಹಳ. ಹೆಚ್ಚಲಿಲ್ಲ. ಯೋಜನೆ ಮಾಡಿ ಕೊಟ್ಟ ನಾಲ್ಕು ಪಾಸ್‌ಗಳಲ್ಲಿ ಮಿಂಚುವುದು ಬೇರೆ, ದಿನವಿಡೀ ಓಡಿ ಜಾಗ ಮಾಡಿಕೊಳ್ಳುವುದು ಬೇರೆ.

ಬ್ಲಾಕಿಂಗ್ ಬಗ್ಗೆ ಒಂದು ಮಾತು ಉಳಿದಿದೆ. ಬರದಿದ್ದರೆ ಹೊರಗೆ ಕೂರಿಸುತ್ತಾರೆ, ಅತಿ ಚೆನ್ನಾಗಿ ಬಂದರೆ ಅದಕ್ಕೇ ಇಟ್ಟುಕೊಳ್ಳುತ್ತಾರೆ. ಪಿಟ್ಸ್‌ಬರ್ಗ್‌ನ ಡಾರ್ನೆಲ್ ವಾಷಿಂಗ್ಟನ್ ಆರು ಅಡಿ ಏಳು ಅಂಗುಲದ ದೈತ್ಯ. ಫ್ಯಾಂಟಸಿಗೆ ಅವನಿಂದ ಏನೂ ಬರಲಿಲ್ಲ, ಏಕೆಂದರೆ ಅವನು ಗೋಡೆಯಾಗಿ ಬಹಳ ಉಪಯುಕ್ತ. ಬರಬೇಕು, ಆದರೆ ಮೆರೆಯಬಾರದು ಎಂಬ ವಿಚಿತ್ರ ಬೇಡಿಕೆ ನಮ್ಮದು.

ಸನ್ನಿವೇಲ್ ಸಂಪಿಗೆ

ಫ್ಯಾನಿನ್ ಬಗ್ಗೆ ಕೆಳಗೆ ಬರುತ್ತೇನೆ ಎಂದಿದ್ದಿರಿ.

ನಾಲ್ಕನೇ ಡೌನ್

ಫ್ಯಾನಿನ್‌ನದು ಮೆಕ್‌ಬ್ರೈಡ್ ಕಥೆಯ ಮೊದಲ ಅಧ್ಯಾಯದಂತೆ ಕಾಣುತ್ತದೆ. ಮುಂದೆ ಜೋಕು ಇದ್ದಾನೆ, ಒಪ್ಪಂದದ ಕೊನೆಯ ವರ್ಷದಲ್ಲಿದ್ದಾನೆ. ಸ್ಟೆಫಾನ್‌ಸ್ಕಿ ಇಬ್ಬರು ಟೈಟ್ ಎಂಡ್‌ಗಳ ಆಟ ಇಷ್ಟಪಡುವ ತರಬೇತುದಾರ. ಕ್ವಾರ್ಟರ್‌ಬ್ಯಾಕ್ ಫ್ಲಾಕೊ ಟೈಟ್ ಎಂಡ್‌ಗೆ ಎಸೆಯಲು ಹಿಂಜರಿಯುವವನಲ್ಲ. 2023ರ ಕೊನೆಯಲ್ಲಿ ಅವನು ಬಂದ ಮೇಲೆ ಜೋಕು ಹೇಗೆ ಅರಳಿದ ಎಂದು ನೋಡಿದ್ದೇವೆ. ಡ್ರಾಫ್ಟ್‌ನಲ್ಲಿ ಮಾತ್ರ ಬೇಡ, ಯಾರೂ ತೆಗೆದುಕೊಳ್ಳುವುದಿಲ್ಲ. ಹೆಸರನ್ನು ಬರೆದಿಟ್ಟುಕೊಂಡು ಪ್ರತಿ ಮಂಗಳವಾರ ರೂಟ್ ಲೆಕ್ಕ ನೋಡಿ. ಜೋಕು ಒಂದು ವಾರ ಕುಂಟಿದರೆ ಆ ರಾತ್ರಿಯೇ ಕೈಹಾಕಿ.

ಡೆಟ್ರಾಯ್ಟ್ ಕನ್ನಡಿಗ

ನಾನು ಲವ್‌ಲೆಂಡ್‌ನನ್ನೇ ತೆಗೆದುಕೊಳ್ಳುತ್ತೇನೆ. ಮಿಚಿಗನ್ ಹುಡುಗ, ಬೆನ್ ಜಾನ್ಸನ್ ಕೈಯಲ್ಲಿ. ನಮ್ಮ ವಿಭಾಗದ ಎದುರಾಳಿ ತಂಡದಲ್ಲಿರುವುದು ಸಂಕಟ, ಆದರೂ.

ಎಡಿಸನ್ ಇಡ್ಲಿ

ಬೆಲೆಯ ಬಗ್ಗೆ ಯಾರೂ ಮಾತನಾಡಿಲ್ಲ. ಹನ್ನೆರಡು ತಂಡದ ಲೀಗ್‌ನಲ್ಲಿ ಹತ್ತನೆಯ ಟೈಟ್ ಎಂಡ್‌ಗೂ ಹದಿನಾರನೆಯವನಿಗೂ ವಾರಕ್ಕೆ ಒಂದೆರಡು ಅಂಕದ ವ್ಯತ್ಯಾಸ. ಹಾಗಿರುವಾಗ ಎಂಟನೆಯ ಸುತ್ತಿನಲ್ಲಿ ರೂಕಿಯನ್ನು ತೆಗೆದುಕೊಂಡರೆ ಅಲ್ಲಿ ಸಿಗಬಹುದಾಗಿದ್ದ ರನ್ನಿಂಗ್ ಬ್ಯಾಕ್ ಕೈಬಿಟ್ಟಿತು. ಹಾಕನ್‌ಸನ್‌ನಂಥ ಅನುಭವಿಯೂ ಅದೇ ಸುತ್ತಿನಲ್ಲಿ ಸಿಗುತ್ತಾನೆ. ಈಗ ಅವನನ್ನು ಬಯ್ಯುವುದಿಲ್ಲ, ರೂಕಿಯಲ್ಲವಲ್ಲ.

ನಾಲ್ಕನೇ ಡೌನ್

ಇದಕ್ಕೆ ಎದುರು ಹೇಳಲು ನನ್ನಲ್ಲಿ ಒಂದೇ ವಾದವಿದೆ. ಹತ್ತನೆಯ ಸ್ಥಾನದ ಅನುಭವಿ ಹತ್ತನೆಯ ಸ್ಥಾನದಲ್ಲೇ ಮುಗಿಸುತ್ತಾನೆ. ಅವನ ಮೇಲ್ಮಿತಿ ನಿಮಗೆ ಗೊತ್ತು, ಎದುರಾಳಿಗೂ ಗೊತ್ತು. ವಾರನ್‌ನ ಮೇಲ್ಮಿತಿ ಯಾರಿಗೂ ಗೊತ್ತಿಲ್ಲ. ತಪ್ಪಾದರೆ ವೇವರ್‌ನಲ್ಲಿ ಇನ್ನೊಬ್ಬ ಹದಿನಾರನೆಯವನು ಸಿಗುತ್ತಾನೆ, ನೀವೇ ಹೇಳಿದಂತೆ ವ್ಯತ್ಯಾಸ ಒಂದೆರಡು ಅಂಕ. ಸರಿಯಾದರೆ ವಾರಕ್ಕೆ ಐದು ಅಂಕ ಮೇಲೆ. ಕೆಳಗಿನ ನೆಲ ಇಷ್ಟು ಹತ್ತಿರವಿರುವ ಸ್ಥಾನದಲ್ಲೇ ಜೂಜಾಡಬೇಕು. ಆದರೆ ಎಂಟನೆಯ ಸುತ್ತು ಜಾಸ್ತಿಯಾಯಿತು ಎಂಬುದನ್ನು ಒಪ್ಪುತ್ತೇನೆ.

ಸನ್ನಿವೇಲ್ ಸಂಪಿಗೆ

ಹಾಗಾದರೆ ನಿರ್ಧಾರ ಹೀಗೆ. ಒಂಬತ್ತನೆಯ ಸುತ್ತಿನ ಕೊನೆಗೆ ವಾರನ್ ಉಳಿದಿದ್ದರೆ ವಾರನ್. ಉಳಿಯದಿದ್ದರೆ ಹನ್ನೊಂದರ ನಂತರ ಲವ್‌ಲೆಂಡ್, ಜೊತೆಗೆ ಮೊದಲ ನಾಲ್ಕೈದು ವಾರ ದೂಡಲು ಒಬ್ಬ ಅನುಭವಿ. ಫ್ಯಾನಿನ್ ಹೆಸರು ಗೋಡೆಯ ಮೇಲೆ.

ಲೆಕ್ಕದ ಪುಸ್ತಕ

ಲವ್‌ಲೆಂಡ್‌ಗೆ ಹೋದರೆ ಒಂದು ಗಮನಿಸಿ. ಶಿಕಾಗೊದ ವಿರಾಮ ಐದನೆಯ ವಾರವೇ ಬರುತ್ತದೆ. ಆ ಅನುಭವಿಗೂ ಅದೇ ವಾರ ವಿರಾಮವಿರದಂತೆ ನೋಡಿಕೊಳ್ಳಿ. ಇಂಡಿಯಾನಾಪೊಲಿಸ್‌ಗೆ ಹನ್ನೊಂದನೆಯ ವಾರ, ಕ್ಲೀವ್‌ಲೆಂಡ್‌ಗೆ ಒಂಬತ್ತು.

ಬಸವನಗುಡಿ ಬೌಲರ್

ನಾನೂ ವಾರನ್‌ನನ್ನು ಕೇಳೋಣ ಎಂದಿದ್ದೇನೆ, ಬೇರೆ ಲೀಗ್ ತಾನೇ, ಸಂಪಿಗೆಯವರು ಬೇಸರಿಸಬಾರದು. ಇವರ ಪಂದ್ಯಗಳನ್ನು ಬೆಂಗಳೂರಿನಲ್ಲಿ ನಿದ್ದೆಗೆಡದೆ ನೋಡಲು ಆಗುತ್ತದೆಯೇ?

ಲೆಕ್ಕದ ಪುಸ್ತಕ

ಎರಡು ಸಿಗುತ್ತವೆ. ಅಕ್ಟೋಬರ್ 5ರಂದು ಕ್ಲೀವ್‌ಲೆಂಡ್ ತಂಡ ಲಂಡನ್‌ನಲ್ಲಿ ಮಿನೆಸೋಟಾ ವಿರುದ್ಧ ಆಡುತ್ತದೆ, ನಿಮಗೆ ಸಂಜೆ ಏಳು ಗಂಟೆ. ನವೆಂಬರ್ 9ರಂದು ಇಂಡಿಯಾನಾಪೊಲಿಸ್ ಮತ್ತು ಅಟ್ಲಾಂಟಾ ಬರ್ಲಿನ್‌ನಲ್ಲಿ, ರಾತ್ರಿ ಎಂಟಕ್ಕೆ. ಎದುರು ತಂಡದಲ್ಲಿ ಪಿಟ್ಸ್ ಇದ್ದಾನೆ, ಅವನನ್ನೂ ನೋಡಿ.

ಎಡಿಸನ್ ಇಡ್ಲಿ

ಪಿಟ್ಸ್‌ನನ್ನು ನೋಡಿ ಸಾಕು. ಕೊಳ್ಳಬೇಡಿ.